ಭೂತಬಂಗಲೆಗೆ ಹಬ್ಬದ ವೇಷ

(ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಅಲ್ಲಲ್ಲಿ ತಿದ್ದಿ, ಕೊನೆಗೆ ಬಂದ ಒಂದೆರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಒಳಗೆ ಸೇರಿಸಿ ಬರೆದ ರೂಪ ಇದು.)

ಮಿತ್ರರೇ,

ಅಕ್ಟೋಬರ್ 31ರ ರಾತ್ರಿ, ಅಂದರೆ ಈ ದೇಶದ ಮಕ್ಕಳೆಲ್ಲ ದೆವ್ವಪಿಶಾಚಿಗಳ ವೇಷ ತೊಟ್ಟು ಮನೆಮನೆಗೆ ಮಿಠಾಯಿ ಕೇಳಲು ಹೊರಡುವ ಹ್ಯಾಲೋವೀನ್ ರಾತ್ರಿ, ಅನಾಹೈಮ್‌ನ ಡಿಸ್ನಿಲ್ಯಾಂಡಿನಲ್ಲಿರುವ ಹಾಂಟೆಡ್ ಮ್ಯಾನ್ಷನ್ ಎಂಬ ಭೂತಬಂಗಲೆಗೆ ಹೋದರೆ, 1969ರಿಂದ ಅದಕ್ಕೆ ಹೆಸರು ತಂದುಕೊಟ್ಟ ರೂಪ ಅಲ್ಲಿ ಕಾಣಸಿಗುವುದಿಲ್ಲ. ವರ್ಷದಲ್ಲಿ ದೆವ್ವಗಳಿಗೆಂದೇ ಮೀಸಲಾದ ಒಂದು ದಿನ, ಲೋಕಪ್ರಸಿದ್ಧವಾದ ದೆವ್ವದ ಮನೆ ಕ್ರಿಸ್‌ಮಸ್ ತಯಾರಿಯಲ್ಲಿ ಮುಳುಗಿರುತ್ತದೆ. ಇದನ್ನು ಕೇಳಿ ನಗುವವರಿದ್ದಾರೆ, ಸಿಟ್ಟಾಗುವವರೂ ಇದ್ದಾರೆ. ಈ ನಗು ಮತ್ತು ಸಿಟ್ಟು ಎರಡನ್ನೂ ಇಂದು ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ.

ಥೀಮ್ ಪಾರ್ಕಿನ ಅಭಿಮಾನಿಗಳು ಇಂಥ ತಾತ್ಕಾಲಿಕ ಬದಲಾವಣೆಗೆ ‘ಓವರ್‌ಲೇ’ ಎನ್ನುತ್ತಾರೆ. ರೈಡಿನ ಹಳಿ, ಯಂತ್ರ, ಗೋಡೆಗಳೆಲ್ಲ ಹಾಗೆಯೇ ಇದ್ದು, ಮೇಲಿನ ಅಲಂಕಾರ, ಗೊಂಬೆಗಳ ಉಡುಪು, ಸಂಗೀತ, ಮಾತು, ಬೆಳಕು ಮಾತ್ರ ಹಬ್ಬದ ಕಾಲಕ್ಕೆ ಬದಲಾಗುತ್ತವೆ. ನಾನು ಇದನ್ನು ಹಬ್ಬದ ವೇಷ ಎಂದು ಕರೆಯುತ್ತೇನೆ. ವೇಷ ಎಂದಮೇಲೆ ಅದನ್ನು ಕಳಚುವ ಮಾತೂ ಅದರೊಳಗೇ ಇರುತ್ತದೆ. ಅಭಿಮಾನಿಗಳ ಜಗಳವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಕಳಚುವ ಮಾತಿನ ಬಳಿಯೇ ಎಂಬುದು ನನ್ನ ತಿಳಿವಳಿಕೆ.

ಮೊದಲು ಮೂಲರೂಪದ ವಿಷಯ. ಈ ಬಂಗಲೆಯ ಹೊರಕಟ್ಟಡ 1963ರಲ್ಲೇ ಸಿದ್ಧವಾಗಿತ್ತು. ಆದರೆ ಅದನ್ನು ಕಟ್ಟಿದವರು 1964-65ರ ನ್ಯೂಯಾರ್ಕ್ ವಿಶ್ವಮೇಳದ ಕೆಲಸಕ್ಕೆ ಹೋದರು. 1966ರ ಡಿಸೆಂಬರಿನಲ್ಲಿ ವಾಲ್ಟ್ ಡಿಸ್ನಿ ತೀರಿಕೊಂಡರು. ಹೀಗೆ ಆರು ವರ್ಷ ಆ ಮನೆ ಖಾಲಿಯೇ ನಿಂತಿತ್ತು. ನಿವೃತ್ತಿ ಬಯಸುವ ದೆವ್ವಗಳು ಇಲ್ಲಿ ಬಂದು ನೆಲೆಸಬಹುದೆಂಬ ಫಲಕವೊಂದನ್ನು ಮಾತ್ರ ಗೇಟಿನ ಬಳಿ ಹಾಕಿದ್ದರು. ಒಳಗಿನ ರೈಡು ಹೇಗಿರಬೇಕೆಂಬ ಬಗ್ಗೆ ಕಲಾವಿದರಲ್ಲೇ ಎರಡು ಮನಸ್ಸಿತ್ತು. ಕ್ಲಾಡ್ ಕೋಟ್ಸ್ ಅವರಿಗೆ ಕತ್ತಲೆ, ಉದ್ದನೆಯ ಓಣಿ, ಹೆದರಿಸುವ ವಾತಾವರಣ ಬೇಕಿತ್ತು. ಮಾರ್ಕ್ ಡೇವಿಸ್ ಅವರಿಗೆ ನಗಿಸುವ ದೆವ್ವಗಳು ಬೇಕಿದ್ದವು. ಇಬ್ಬರೂ ಗೆದ್ದರು ಎನ್ನಬೇಕು: ರೈಡಿನ ಮೊದಲರ್ಧ ಕೋಟ್ಸರ ಮೌನದಲ್ಲಿ ಸಾಗಿದರೆ, ಎರಡನೆಯ ಅರ್ಧ ಡೇವಿಸರ ಸ್ಮಶಾನದ ಹಾಡುಕೂಟದಲ್ಲಿ ಮುಗಿಯುತ್ತದೆ. ಹೆದರಿಕೆಯಿಂದ ನಗುವಿನ ಕಡೆಗೆ ನಿಧಾನವಾಗಿ ಜಾರುವ ಈ ಇಳಿಜಾರೇ ಬಂಗಲೆಯ ಜೀವಾಳವೆಂದು ಹಳೆಯ ಅಭಿಮಾನಿಗಳು ಹೇಳುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಅವರ ಮುಖ್ಯ ದೂರು ಇದರ ಮೇಲೆಯೇ ನಿಂತಿದೆ.

ಒಳಗೆ ಕಾಲಿಟ್ಟ ಕೂಡಲೆ ಎಂಟು ಮೂಲೆಯ ಒಂದು ಕೋಣೆ. ಬಾಗಿಲು ಮುಚ್ಚುತ್ತದೆ, ಗೋಡೆಯ ಚಿತ್ರಗಳು ಕೆಳಮುಖವಾಗಿ ಉದ್ದವಾಗತೊಡಗುತ್ತವೆ. ಕೊಡೆ ಹಿಡಿದು ನಿಂತ ಸುಂದರಿ ನಿಜವಾಗಿ ಹರಿಯುತ್ತಿರುವ ಹಗ್ಗದ ಮೇಲೆ ನಿಂತಿದ್ದಾಳೆ, ಅವಳ ಕಾಲಡಿಯಲ್ಲಿ ಮೊಸಳೆ ಬಾಯಿ ತೆರೆದಿದೆ. ಗಂಭೀರವಾಗಿ ನಿಂತ ಗಡ್ಡದ ಗೃಹಸ್ಥನಿಗೆ ಸೊಂಟದ ಕೆಳಗೆ ಪ್ಯಾಂಟೇ ಇಲ್ಲ. ನಿಂತಿರುವುದು ಸಿಡಿಮದ್ದಿನ ಪೀಪಾಯಿಯ ಮೇಲೆ. ಕೋಣೆ ಹಿಗ್ಗುತ್ತಿದೆ ಎಂದು ನಮಗನ್ನಿಸುತ್ತದೆ. ನಿಜದಲ್ಲಿ ಅದೊಂದು ಲಿಫ್ಟು. ಪಾರ್ಕಿನ ಸುತ್ತ ಓಡುವ ರೈಲುಹಳಿಯ ಆಚೆಗೆ ಮುಖ್ಯ ಕಟ್ಟಡ ಇರುವುದರಿಂದ, ಜನರನ್ನು ನೆಲದಡಿಯಿಂದ ದಾಟಿಸಬೇಕಿತ್ತು. ಆ ಅನಿವಾರ್ಯವನ್ನೇ ಕಥೆಯಾಗಿಸಿದ್ದು ಇಲ್ಲಿನ ಜಾಣತನ. ಇಡೀ ಪಯಣದುದ್ದಕ್ಕೂ ಮಾತಾಡಿಸುವ ಅದೃಶ್ಯ ಯಜಮಾನನ ದನಿ ಪಾಲ್ ಫ್ರೀಸ್ ಅವರದು. ಅವರು 1986ರಲ್ಲಿ ತೀರಿಕೊಂಡರೂ ದನಿ ಇನ್ನೂ ಆ ಮನೆಯಲ್ಲೇ ಇದೆ. ಇದಕ್ಕಿಂತ ಒಳ್ಳೆಯ ದೆವ್ವ ಬೇಕೆ?

ಈಗ ವೇಷಕ್ಕೆ ಬರೋಣ. 2001ರ ಅಕ್ಟೋಬರಿನಲ್ಲಿ ‘ಹಾಂಟೆಡ್ ಮ್ಯಾನ್ಷನ್ ಹಾಲಿಡೇ’ ಮೊದಲ ಬಾರಿ ಬಂತು. ಟಿಮ್ ಬರ್ಟನ್ ಅವರ ಕಥೆ ಆಧರಿಸಿ ಹೆನ್ರಿ ಸೆಲಿಕ್ ನಿರ್ದೇಶಿಸಿದ, 1993ರ ‘ದ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ ಎಂಬ ಗೊಂಬೆ ಚಿತ್ರದ ನಾಯಕ ಜ್ಯಾಕ್ ಸ್ಕೆಲಿಂಗ್ಟನ್, ಹ್ಯಾಲೋವೀನ್ ಊರಿನ ಎಲುಬುಗೂಡಿನ ರಾಜ. ಕ್ರಿಸ್‌ಮಸ್ ಎಂದರೇನೆಂದು ಅರ್ಧಂಬರ್ಧ ತಿಳಿದುಕೊಂಡು, ಸಾಂತಾ ಕ್ಲಾಸನ ಕೆಲಸವನ್ನು ತಾನೇ ಮಾಡಲು ಹೊರಟು ಎಡವಟ್ಟು ಮಾಡುವವನು. ಅವನು ತನ್ನ ಜಾರುಬಂಡಿಯಲ್ಲಿ ಈ ಬಂಗಲೆಗೂ ಬಂದು ಹೋದ ಎಂಬುದು ವೇಷದ ಕಥೆ. ಅದನ್ನು ತೊಡಿಸಲು ಬಂಗಲೆಯನ್ನು ಬೇಸಿಗೆಯ ಕೊನೆಗೆ ಕೆಲವು ವಾರ ಮುಚ್ಚುತ್ತಾರೆ. ಕಳಚಲು ಜನವರಿಯಲ್ಲಿ ಮತ್ತೆ ಮುಚ್ಚುತ್ತಾರೆ. ಮೊದಲ ವರ್ಷದ ಸಂಗೀತ ಎರಡನೆಯ ವರ್ಷಕ್ಕೆ ಉಳಿಯಲಿಲ್ಲ. 2002ರಲ್ಲಿ ಜಾನ್ ಡೆಬ್ನಿ ಹೊಸದನ್ನು ಬರೆದರು.

ಒಳಗೆ ಏನೇನು ಬದಲಾಗುತ್ತದೆಂದು ಪಟ್ಟಿ ಹಾಕುವುದಿಲ್ಲ, ಒಂದು ಜಾಗದಲ್ಲಿ ಮಾತ್ರ ನಿಲ್ಲೋಣ. ಡೂಮ್ ಬಗ್ಗಿ ಎಂಬ ಕಪ್ಪು ಚಿಪ್ಪಿನಂಥ ಗಾಡಿಯಲ್ಲಿ ಕುಳಿತ ನಾವು, ಊಟದ ಹಜಾರವೊಂದನ್ನು ಮೇಲಿನ ಉಪ್ಪರಿಗೆಯಿಂದ ನೋಡುತ್ತ ಸಾಗುತ್ತೇವೆ. ಕೆಳಗೆ ಪಾರದರ್ಶಕ ದೆವ್ವಗಳು ಜೋಡಿಜೋಡಿಯಾಗಿ ತಿರುಗುತ್ತ ಕುಣಿಯುತ್ತಿರುತ್ತವೆ. ಇದು 1860ರ ದಶಕದಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಪ್ರಸಿದ್ಧಗೊಳಿಸಿದ ರಂಗತಂತ್ರ: ನಮಗೂ ಹಜಾರಕ್ಕೂ ನಡುವೆ ದೊಡ್ಡ ಗಾಜು, ನಮಗೆ ಕಾಣದ ಜಾಗದಲ್ಲಿ ಬೆಳಕು ಬಿದ್ದ ಗೊಂಬೆಗಳು, ಗಾಜಿನಲ್ಲಿ ಅವುಗಳ ಪ್ರತಿಬಿಂಬ. ಹಬ್ಬದ ಕಾಲದಲ್ಲಿ ಈ ಕುಣಿತವನ್ನು ಅವರು ಮುಟ್ಟುವುದಿಲ್ಲ. ಕುಣಿಯುವ ಅವೇ ದೆವ್ವಗಳ ನಡುವೆ, ಊಟದ ಮೇಜಿನ ಮೇಲೆ, ಶುಂಠಿ ಬಿಸ್ಕತ್ತಿನಲ್ಲಿ ಕಟ್ಟಿದ ಒಂದು ಮನೆ ಎದ್ದಿರುತ್ತದೆ. ಅದು ಪ್ಲಾಸ್ಟಿಕ್ಕಿನದಲ್ಲ, ಪಾರ್ಕಿನ ಬೇಕರಿಯವರು ನಿಜವಾಗಿ ಬೇಯಿಸಿ ಕಟ್ಟಿದ್ದು. ಪ್ರತಿ ವರ್ಷ ಅದರ ವಿನ್ಯಾಸ ಬೇರೆ. ಗಾಡಿ ಆ ತಿರುವಿಗೆ ಬಂದಾಗ ಬೆಲ್ಲ, ಶುಂಠಿ, ದಾಲ್ಚಿನ್ನಿ ಕಲಸಿ ಬೇಯಿಸಿದಂಥ ಘಮ ಮೂಗಿಗೆ ಬರುತ್ತದೆ. ಕತ್ತಲಲ್ಲಿ, ದೆವ್ವಗಳ ನಡುವೆ, ಅಡುಗೆಮನೆಯ ವಾಸನೆ! ಈ ಒಂದು ಕ್ಷಣಕ್ಕಾಗಿಯೇ ವರ್ಷವರ್ಷ ಬರುವವರಿದ್ದಾರೆ. ನಾನೂ ಅವರಲ್ಲೊಬ್ಬ ಎಂದು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ವೇಷದ ಪರವಾಗಿ ಮಾತಾಡುವವರು ಹೇಳುವುದು ಇದನ್ನೇ: ಈ ಕಥೆ ಆ ಮನೆಗೆ ಹೊರಗಿನಿಂದ ಹೇರಿದ್ದಲ್ಲ, ಮನೆಯ ಸ್ವಭಾವಕ್ಕೆ ಒಗ್ಗಿದ್ದು. ಹೆದರಿಕೆ ಮತ್ತು ನಗು ಎರಡೂ ಸೇರಿದ ಮನೆಗೆ, ಹೆದರಿಸುವ ಊರಿನಿಂದ ನಗಿಸುವ ಹಬ್ಬಕ್ಕೆ ಹೊರಟ ನಾಯಕ ಬಂದರೆ ತಪ್ಪೇನು? ಸ್ಫಟಿಕಗೋಳದೊಳಗಿನ ತಲೆ, ಮೇಡಮ್ ಲಿಯೋಟಾ, ಸತ್ತವರನ್ನು ಕರೆಯುವ ಮಂತ್ರ ಬಿಟ್ಟು ಕ್ರಿಸ್‌ಮಸ್ಸಿನ ಹದಿಮೂರು ದಿನಗಳ ಕಾರ್ಡುಗಳನ್ನು ಓದುತ್ತಾಳೆ; ಹನ್ನೆರಡು ಎಂಬ ವಾಡಿಕೆಯ ಎಣಿಕೆಗೆ ಒಂದು ಅಪಶಕುನದ ಅಂಕ ಕೂಡಿಸಿರುವುದು ಎಷ್ಟು ಚೆಂದ ಎಂದು ಅವರು ಕೇಳುತ್ತಾರೆ. ಇದರ ಜೊತೆಗೆ, ಸುತ್ತಮುತ್ತಲ ಊರುಗಳಲ್ಲೇ ಇದ್ದು ವಾರ್ಷಿಕ ಪಾಸು ಇಟ್ಟುಕೊಂಡು ವರ್ಷಕ್ಕೆ ಇಪ್ಪತ್ತು ಸಲ ಬರುವವರಿಗೆ ಅದೇ ರೈಡು ಸ್ವಲ್ಪ ಬೇರೆಯಾಗಿ ಕಾಣುವುದೇ ಒಂದು ಕಾರಣ. ಫ್ಲೋರಿಡಾದಲ್ಲಿರುವ ಡಿಸ್ನಿಯ ಇನ್ನೊಂದು ಪಾರ್ಕಾದ ಮ್ಯಾಜಿಕ್ ಕಿಂಗ್ಡಮ್ಮಿನ ಬಂಗಲೆಗೆ ಈ ವೇಷ ಎಂದೂ ತೊಡಿಸಿಲ್ಲ. ಅಲ್ಲಿಗೆ ಬರುವವರಲ್ಲಿ ದೂರದೂರುಗಳಿಂದ ಜೀವಮಾನಕ್ಕೊಮ್ಮೆ ಬರುವವರೇ ಹೆಚ್ಚು, ಅವರಿಗೆ ಮೂಲವನ್ನೇ ತೋರಿಸಬೇಕು ಎಂದು ಅಭಿಮಾನಿಗಳು ಅದಕ್ಕೆ ಕಾರಣ ಕೊಡುತ್ತಾರೆ. ಈ ಕಾರಣ ಸರಿಯೆನಿಸುತ್ತದೆ. ಆದರೆ ಅದೇ ಕಾರಣ ಅನಾಹೈಮಿನ ವೇಷದ ವಿರುದ್ಧವೂ ಸಾಕ್ಷಿ ನುಡಿಯುತ್ತದೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಮಗನ ಮನೆಗೆ ಆರು ತಿಂಗಳ ವೀಸಾದ ಮೇಲೆ ಬಂದ ಅಪ್ಪ ಅಮ್ಮಂದಿರು ದಸರಾ ಮುಗಿಸಿಕೊಂಡು ಬಂದರೆಂದು ಇಟ್ಟುಕೊಳ್ಳಿ. ಅವರ ಪಾಲಿಗೆ ಹಾಂಟೆಡ್ ಮ್ಯಾನ್ಷನ್ ಎಂದರೆ ಅವರು ಎಂದೂ ನೋಡಿರದ ಚಿತ್ರವೊಂದರ ಮುಂದುವರಿದ ಭಾಗ, ಅಷ್ಟೇ.

ವಿರೋಧಿಸುವವರ ದೂರುಗಳಲ್ಲಿ ಬಲವಾದದ್ದು ಇಳಿಜಾರಿನ ದೂರು. ಮೂಲದಲ್ಲಿ ಮೌನದಿಂದ ಹಾಡಿಗೆ, ಭಯದಿಂದ ನಗುವಿಗೆ ನಿಧಾನವಾಗಿ ಏರುವ ಕ್ರಮವಿದೆ. ವೇಷದಲ್ಲಿ ಮೊದಲ ಬಾಗಿಲಿನಿಂದಲೇ ಸಂಗೀತ, ಮೊದಲ ಓಣಿಯಿಂದಲೇ ಬಣ್ಣದ ದೀಪ. ಏರುವುದಕ್ಕೆ ಮೆಟ್ಟಿಲೇ ಉಳಿಯುವುದಿಲ್ಲ. ಪಾಲ್ ಫ್ರೀಸ್ ಅವರ ದನಿಯೂ ಆ ತಿಂಗಳುಗಳಲ್ಲಿ ಇರುವುದಿಲ್ಲ, ಬೇರೊಬ್ಬರು ಮಾತಾಡುತ್ತಾರೆ. ಕೊನೆಯಲ್ಲಿ, ನಮ್ಮ ಗಾಡಿಯಲ್ಲಿ ಪಕ್ಕಕ್ಕೆ ದೆವ್ವವೊಂದು ಬಂದು ಕುಳಿತಂತೆ ಕನ್ನಡಿಯಲ್ಲಿ ತೋರಿಸುವ ಆ ಹೆಸರಾಂತ ತಮಾಷೆಯ ಜಾಗವನ್ನು ಓಗೀ ಬೂಗೀ ಎಂಬ ಗೋಣಿಚೀಲದ ಖಳನಾಯಕ ಆಕ್ರಮಿಸಿರುತ್ತಾನೆ. ಮನೆಯಲ್ಲಿ 999 ದೆವ್ವಗಳಿವೆ, ಇನ್ನೊಂದಕ್ಕೆ ಜಾಗವಿದೆ ಎಂಬ ಮೂಲದ ಆಹ್ವಾನಕ್ಕೂ ಈ ಖಳನಿಗೂ ಏನು ಸಂಬಂಧ ಎಂದು ಅವರು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಇನ್ನು ಅವಧಿಯ ಮಾತು. ಮೊದಲ ವರ್ಷ ಅಕ್ಟೋಬರಿನಲ್ಲಿ ಬಂದ ವೇಷ ಈಗ ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಆರಂಭಕ್ಕೋ ಬಂದು ಜನವರಿಯವರೆಗೂ ಇರುತ್ತದೆ. ತೊಡಿಸುವ, ಕಳಚುವ ವಾರಗಳನ್ನೂ ಸೇರಿಸಿದರೆ ಮೂಲರೂಪಕ್ಕೆ ಉಳಿಯುವುದು ಹೆಚ್ಚೆಂದರೆ ಏಳು ತಿಂಗಳು. 2024ರಲ್ಲಿ, ಹೊರಗಿನ ತೋಟ ಮತ್ತು ಸಾಲು ನಿಲ್ಲುವ ಜಾಗದ ಕಾಮಗಾರಿಗೆಂದು ಜನವರಿಯಲ್ಲಿ ಮುಚ್ಚಿದ್ದ ಬಂಗಲೆ ಜುಲೈನಲ್ಲಿ ತೆರೆದಾಗ, ನೆತ್ತಿ ಸುಡುವ ಬಿಸಿಲಿನಲ್ಲಿ ನೇರವಾಗಿ ಹಬ್ಬದ ವೇಷದಲ್ಲೇ ತೆರೆಯಿತು. ನಮ್ಮ ಕಡೆಯಿಂದ ಒಂದು ಮಾತು ನೆನಪಾಗುತ್ತದೆ. ಆಂಧ್ರದ ಸಿಂಹಾಚಲದಲ್ಲಿ ನರಸಿಂಹನ ಮೂರ್ತಿಗೆ ವರ್ಷವಿಡೀ ಗಂಧದ ಲೇಪ. ಅಕ್ಷಯ ತೃತೀಯದ ಒಂದು ದಿನ ಮಾತ್ರ ನಿಜರೂಪ ದರ್ಶನ. ಅಲ್ಲಿ ಅದು ಸಂಪ್ರದಾಯ, ಭಕ್ತರಿಗೆ ಗೊತ್ತು, ಆ ದಿನಕ್ಕಾಗಿ ಕಾಯುತ್ತಾರೆ. ಬಂಗಲೆಯ ಅಭಿಮಾನಿಗಳ ಹೆದರಿಕೆಯೆಂದರೆ, ತಮ್ಮ ಮನೆಗೂ ಹೀಗೆ ಲೇಪವೇ ನಿತ್ಯವಾಗಿ ನಿಜರೂಪವೇ ವಿಶೇಷವಾಗಿಬಿಟ್ಟರೆ ಎಂಬುದು.

ಈ ಹೆದರಿಕೆ ಉತ್ಪ್ರೇಕ್ಷೆ ಎನ್ನುವವರಿಗೆ ಕರಡಿಗಳ ಕಥೆ ಹೇಳಬೇಕು. ಡಿಸ್ನಿ ಪಾರ್ಕುಗಳಲ್ಲಿ ಈ ಬಗೆಯ ವೇಷದ ಮೊದಲ ದೊಡ್ಡ ಉದಾಹರಣೆ ಭೂತಬಂಗಲೆಯದಲ್ಲ, ‘ಕಂಟ್ರಿ ಬೇರ್ ಜಾಂಬೊರೀ’ ಎಂಬ ಹಾಡುವ ಕರಡಿಗಳ ಪ್ರದರ್ಶನದ್ದು. ಕರಡಿಗಳನ್ನು ಚಿತ್ರಿಸಿದವರು ಬಂಗಲೆಯ ದೆವ್ವಗಳನ್ನು ನಗಿಸಿದ ಅದೇ ಮಾರ್ಕ್ ಡೇವಿಸ್. 1971ರಲ್ಲಿ ಫ್ಲೋರಿಡಾದಲ್ಲಿ, ಮರುವರ್ಷ ಅನಾಹೈಮಿನಲ್ಲಿ ಇದು ಆರಂಭವಾಯಿತು. 1984ರಲ್ಲಿ ಕರಡಿಗಳಿಗೆ ಕ್ರಿಸ್‌ಮಸ್ ವೇಷ ತೊಡಿಸಿದರು, ಜನ ಮೆಚ್ಚಿದರು. ಆ ಮೆಚ್ಚುಗೆಯ ಹುಮ್ಮಸ್ಸಿನಲ್ಲಿ 1986ರಲ್ಲಿ ಬೇಸಿಗೆ ರಜೆಯ ಇನ್ನೊಂದು ವೇಷ ಬಂತು. ಫ್ಲೋರಿಡಾದಲ್ಲಿ ಕೆಲವು ವರ್ಷಗಳ ನಂತರ ಮೂಲ ಪ್ರದರ್ಶನ ಮರಳಿತು. ಅನಾಹೈಮಿನಲ್ಲಿ ಮರಳಲೇ ಇಲ್ಲ. ಬೇಸಿಗೆಯ ಟೋಪಿ ಹಾಕಿಕೊಂಡ ಆ ಕರಡಿಗಳು, ಡಿಸೆಂಬರಿನಲ್ಲಿ ಮಾತ್ರ ಟೋಪಿ ಬದಲಿಸುತ್ತ, ಹದಿನೈದು ವರ್ಷ ಹಾಡಿ, 2001ರ ಸೆಪ್ಟೆಂಬರಿನಲ್ಲಿ ಬಾಗಿಲು ಮುಚ್ಚಿದವು. ಅಲ್ಲಿಂದ ಕೂಗಳತೆಯಲ್ಲಿರುವ ಭೂತಬಂಗಲೆಯಲ್ಲಿ ಮರುತಿಂಗಳೇ ಜ್ಯಾಕ್ ಬಂದು ನೆಲೆಸಿದ. ಹಳಬರು ಈ ಎರಡು ತಾರೀಕುಗಳನ್ನು ಒಟ್ಟಿಗೇ ನೆನೆಯುತ್ತಾರೆ. ಅವರನ್ನು ಹಟಮಾರಿಗಳು ಎಂದು ನಾನು ಕರೆಯಲಾರೆ.

ಇದೇ ಮಾತಿಗೆ ಇನ್ನೊಂದು ಬದಿಯ ಸಾಕ್ಷಿ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’. ವಿಶ್ವಮೇಳಕ್ಕೆಂದು ಕಲಾವಿದೆ ಮೇರಿ ಬ್ಲೇರ್ ಅವರ ಬಣ್ಣಗಳಲ್ಲಿ ಹುಟ್ಟಿ, 1966ರಲ್ಲಿ ಅನಾಹೈಮಿಗೆ ಬಂದ ದೋಣಿಪಯಣ ಅದು. ನಾನಾ ದೇಶಗಳ ಗೊಂಬೆಮಕ್ಕಳು ಒಂದೇ ಹಾಡನ್ನು ಹಾಡುತ್ತವೆ; ನಮ್ಮ ಪಾಲಿಗೆ ಅಲ್ಲೊಂದು ತಾಜಮಹಲೂ ಇದೆ. 1997ರಿಂದ ಪ್ರತಿ ಚಳಿಗಾಲ ಇದಕ್ಕೂ ಹಬ್ಬದ ವೇಷ ಹಾಕುತ್ತಾರೆ. ಹೊರಗೋಡೆಯ ಮೇಲೆ ಸಾವಿರಾರು ದೀಪ, ಒಳಗೆ ಹಾರ ತೋರಣ, ಮೂಲ ಹಾಡಿನ ಜೊತೆಗೆ ‘ಜಿಂಗಲ್ ಬೆಲ್ಸ್’ ಹೆಣೆದಿರುತ್ತದೆ. ಮೇರಿ ಬ್ಲೇರ್ ಅವರ ಗೋಡೆಗಳ ಮೇಲೆ ಇಷ್ಟೆಲ್ಲ ತೂಗುಹಾಕಿದರೂ ದೊಡ್ಡ ಗಲಾಟೆಯೇನೂ ಆಗಲಿಲ್ಲ. ಆದರೆ 2008ರಲ್ಲಿ, ಆ ಗೊಂಬೆಗಳ ನಡುವೆ ಡಿಸ್ನಿ ಚಿತ್ರಗಳ ಪಾತ್ರಗಳನ್ನು ಕಾಯಂ ಆಗಿ ಸೇರಿಸುತ್ತಾರೆಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ಕೆರಳಿದರು, ಮೇರಿ ಬ್ಲೇರ್ ಅವರ ಕುಟುಂಬದಿಂದಲೂ ಆಕ್ಷೇಪ ಬಂತು. ಕಂಪನಿಯ ಹಿರಿಯರಾದ ಮಾರ್ಟಿ ಸ್ಕ್ಲಾರ್ ಬಹಿರಂಗ ಪತ್ರ ಬರೆದು ಸಮಾಧಾನ ಹೇಳಬೇಕಾಯಿತು. 2009ರಲ್ಲಿ ಮತ್ತೆ ತೆರೆದಾಗ ಪಾತ್ರಗಳು ಸೇರಿಯೇ ಇದ್ದವು. ನಾನೇ ದೋಣಿಯಲ್ಲಿ ಕುಳಿತು ನೋಡಿದ್ದೇನೆ, ಅವುಗಳನ್ನು ಅದೇ ಶೈಲಿಯಲ್ಲಿ, ಸಣ್ಣದಾಗಿ ಮಾಡಿದ್ದಾರೆ. ಹಬ್ಬದ ಅಲಂಕಾರಕ್ಕೆ ಹೋಲಿಸಿದರೆ ಕಣ್ಣಿಗೆ ಬೀಳುವುದು ತೀರಾ ಕಡಿಮೆ. ಹಾಗಿದ್ದರೂ ಸಿಟ್ಟು ಬಂದದ್ದು ಚಿಕ್ಕ ಬದಲಾವಣೆಯ ಮೇಲೆ. ದೊಡ್ಡದು ಜನವರಿಗೆ ಹೊರಡುತ್ತದೆ, ಚಿಕ್ಕದು ಹೊರಡುವುದಿಲ್ಲ.

ಉಳಿದ ವೇಷಗಳನ್ನು ಬೇಗ ಮುಗಿಸುತ್ತೇನೆ. 2013ರಲ್ಲಿ ಜಂಗಲ್ ಕ್ರೂಸ್ ‘ಜಿಂಗಲ್ ಕ್ರೂಸ್’ ಆಯಿತು. ಮನೆಯಿಂದ ದೂರವಿರುವ ದೋಣಿ ನಡೆಸುವವರಿಗೆ ಊರಿನ ನೆನಪಾಗಿ, ಮನೆಯವರು ಅಂಚೆಯಲ್ಲಿ ಕಳಿಸಿದ ಅಲಂಕಾರವನ್ನು ಕಾಡಿನಲ್ಲೇ ಕಟ್ಟಿಕೊಂಡರು ಎಂಬ ಕಥೆ. ಪರದೇಶದಲ್ಲಿ ಗಣೇಶನ ಹಬ್ಬ ಮಾಡುವ ನಮಗೆ ಇದು ಯಾರೂ ಬಿಡಿಸಿ ಹೇಳದೆ ಅರ್ಥವಾಗುತ್ತದೆ. ಆದರೆ ಅಲಂಕಾರ ತೆಳುವಾಯಿತು, ನಾಲ್ಕು ಹಾರ ಮತ್ತು ಹೊಸ ಶ್ಲೇಷೆಗಳಿಗಿಂತ ಹೆಚ್ಚೇನಿಲ್ಲ ಎಂಬ ದೂರು ಬಹಳ ಜನರದು. ಸ್ಪೇಸ್ ಮೌಂಟನ್ನಿಗೆ 2009ರಲ್ಲಿ ಹ್ಯಾಲೋವೀನ್ ಭೂತ ಹತ್ತಿತು. 2015ರಲ್ಲಿ ಬಂದ ಸ್ಟಾರ್ ವಾರ್ಸ್ ವೇಷವಂತೂ ಯಾವ ಹಬ್ಬವೂ ಇಲ್ಲದೆ ಒಂದೂವರೆ ವರ್ಷ ಕುಳಿತಿತ್ತು. ಕತ್ತಲಲ್ಲಿ ಓಡುವ ರೋಲರ್ ಕೋಸ್ಟರಿಗೆ ಯಾವ ಚಿತ್ರ ಬಿಟ್ಟರೂ ನಡೆಯುತ್ತದೆ ಎಂದೋ ಏನೋ, ಬಂಗಲೆಯ ವಿಷಯದಲ್ಲಿ ಕಂಡ ಬಿಸಿ ಅಲ್ಲಿ ನನಗೆ ಕಂಡಿಲ್ಲ. ಟೋಕಿಯೋ ಡಿಸ್ನಿಲ್ಯಾಂಡಿನ ಬಂಗಲೆಯೂ 2004ರಿಂದ ಜ್ಯಾಕ್‌ನ ವೇಷ ತೊಡುತ್ತಿದೆ. ಅಲ್ಲಿ ಕರಡಿಗಳಿಗೂ ಬೇಸಿಗೆಗೊಂದು, ಕ್ರಿಸ್‌ಮಸ್ಸಿಗೊಂದು ವೇಷವಿದ್ದು, ಉಳಿದ ತಿಂಗಳಲ್ಲಿ ಮೂಲ ಪ್ರದರ್ಶನ ತಪ್ಪದೆ ಮರಳುತ್ತದೆ. ಅನಾಹೈಮಿನ ಹಳಬರು ಟೋಕಿಯೋ ಎಂದರೆ ನಿಟ್ಟುಸಿರು ಬಿಡುವುದು ಇದಕ್ಕೇ.

ಮರಳುವುದು ಎಂದೆ. ಅದರಲ್ಲೂ ಒಂದು ತೊಡಕಿದೆ. 2025ರ ಜನವರಿಯಲ್ಲಿ ಬಂಗಲೆಯ ವೇಷ ಕಳಚಿ ಮೂಲ ಮರಳಿದಾಗ, ಅಟ್ಟದಲ್ಲಿದ್ದ ವಧು ಬದಲಾಗಿದ್ದಳು. 2006ರಿಂದ ಅಲ್ಲಿದ್ದ ಕೊಡಲಿ ಹಿಡಿದ, ಗಂಡಂದಿರ ತಲೆ ಕಡಿದ ವಧುವಿನ ಜಾಗದಲ್ಲಿ, ದುಃಖದಲ್ಲಿ ತೇಲುವಂಥ ಬೇರೊಬ್ಬಳು ನಿಂತಿದ್ದಳು. ನನಗೆ ಹೊಸಬಳೇ ಇಷ್ಟ. ಕೋಟ್ಸರ ಮೌನಕ್ಕೆ ಅವಳು ಹೆಚ್ಚು ಹತ್ತಿರ. ಆದರೂ ಮೂಲ ಎಂದು ನಾವು ಯಾವುದನ್ನು ಕರೆಯುತ್ತೇವೆಂದು ಅಂದು ಕೇಳಿಕೊಳ್ಳಬೇಕಾಯಿತು. ಟೋಪಿಪೆಟ್ಟಿಗೆ ಹಿಡಿದ ದೆವ್ವವೊಂದು 1969ರಲ್ಲಿ ಬಂಗಲೆ ತೆರೆದ ಕೆಲವೇ ದಿನಗಳಲ್ಲಿ ತಂತ್ರ ಸರಿಬರದೆ ಮಾಯವಾಗಿ, 2015ರಲ್ಲಿ ಮರಳಿತು. ನಲವತ್ತಾರು ವರ್ಷ ಇಲ್ಲದ ಒಂದು ಗೊಂಬೆಯನ್ನು ಅಭಿಮಾನಿಗಳು ಮೂಲದ ಭಾಗವೆಂದೇ ಎಣಿಸುತ್ತಿದ್ದರು, ಅವರಲ್ಲಿ ಬಹುಪಾಲು ಜನ ಅದನ್ನು ನೋಡಿಯೇ ಇರಲಿಲ್ಲ.

ನಿಮ್ಮ ಅಭಿಪ್ರಾಯವೇನು ಎಂದು ಇಲ್ಲಿ ಒಬ್ಬರು ಕೇಳಿದರು. ವೇಷ ಇರಲಿ. ಆದರೆ ಹ್ಯಾಲೋವೀನ್ ಮುಗಿದ ಮರುದಿನ ಮುಚ್ಚಿ, ನವೆಂಬರ್ ನಡುವಿನಿಂದ ಹೊಸ ವರ್ಷದವರೆಗೆ ಇರಲಿ. ಅಕ್ಟೋಬರ್ ತಿಂಗಳನ್ನು ಆ ಮನೆಯ ದೆವ್ವಗಳಿಗೆ ಬಿಟ್ಟುಕೊಡಲಿ. ಇದರಿಂದ ಅಂಗಡಿಯ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಂದು ನನಗೆ ಗೊತ್ತು. ಹ್ಯಾಲೋವೀನ್ ಮತ್ತು ಕ್ರಿಸ್‌ಮಸ್ ಎರಡನ್ನೂ ಒಂದೇ ವೇಷದಲ್ಲಿ ಮುಗಿಸುವುದೇ ಜ್ಯಾಕ್‌ನ ಲಾಭ; ಅವನನ್ನು ಒಂದು ಹಬ್ಬಕ್ಕೆ ಕಟ್ಟಿಹಾಕಲು ಯಾರೂ ಒಪ್ಪಲಾರರು.

ನನ್ನ ಅಣ್ಣನ ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಅಣ್ಣನ ಮನೆಯವರು ಪಾರ್ಕಿಗೆ ಹೋಗುವುದು ಡಿಸೆಂಬರ್ ರಜೆಯಲ್ಲಿ ಮಾತ್ರವಾದ್ದರಿಂದ, ಅವಳು ಕಂಡ ಭೂತಬಂಗಲೆಯೆಲ್ಲ ಜ್ಯಾಕ್‌ನದೇ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ನಾನು ಏಪ್ರಿಲ್ ತಿಂಗಳಲ್ಲಿ ಮೊದಲ ಬಾರಿ ಕರೆದುಕೊಂಡು ಹೋದೆ. ಬಾಗಿಲಲ್ಲಿ ಕುಂಬಳಕಾಯಿ ದೀಪಗಳಿಲ್ಲದ್ದನ್ನು ಕಂಡೇ ಅವಳ ಮುಖ ಸಣ್ಣದಾಯಿತು. ಚಿತ್ರಗಳು ಉದ್ದವಾಗುವಾಗ ನನ್ನ ಕೈ ಹಿಡಿದಳು. ಹಜಾರದ ತಿರುವಿನಲ್ಲಿ ಮೂಗೇರಿಸಿ ಗಾಳಿ ಎಳೆದುಕೊಂಡಳು, ಏನೂ ಬರಲಿಲ್ಲ. ಸ್ಮಶಾನದ ಹಾಡು ಅವಳಿಗೆ ಹಿಡಿಸಿತು ಎಂದುಕೊಂಡೆ, ಕಾಲು ಕುಣಿಸುತ್ತಿದ್ದಳು. ಹೊರಗೆ ಬಿಸಿಲಿಗೆ ಬಂದಮೇಲೆ ಚೆನ್ನಾಗಿತ್ತಾ ಎಂದು ಕೇಳಿದೆ. ಚೆನ್ನಾಗಿತ್ತು ಎಂದಳು. ಸ್ವಲ್ಪ ದೂರ ನಡೆದು, ಹಿಂತಿರುಗಿ ಬಂಗಲೆಯನ್ನೊಮ್ಮೆ ನೋಡಿ, “ಚಿಕ್ಕಪ್ಪಾ, ಇದನ್ನೆಲ್ಲ ಯಾವಾಗ ತೆಗೀತಾರೆ?” ಎಂದು ಕೇಳಿದಳು.

ಆಗಸ್ಟಿನಲ್ಲಿ ಎಂದೆ.